ಸಾವಂತ್ರಿಯನ್ನು ಕೇಳಿದ್ದು

ನೆನೆಸಿದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಡಿದು ಒಂದು ಸಲ ಒತ್ತಿದರೆ ಬೇಳೆ ಜಾರಿ ಮೊರಕ್ಕೆ ಬೀಳಬೇಕು, ಸಿಪ್ಪೆ ಕೈಯಲ್ಲೇ ಉಳಿಯಬೇಕು. ಮುದ್ದಮ್ಮ ಒತ್ತಿದ ಕಾಳು ಈಚೆಗೆ ಚಿಮ್ಮಿ ಜಗಲಿಯಾಚೆಗೆ ಹೋಗುತ್ತಿತ್ತು, ಕೋಳಿಗಳು ಅದಕ್ಕೇ ಕಾದು ನಿಂತಿದ್ದವು. ಎದುರಿಗೆ ಕೂತ ಮಗಳು ಸಾವಂತ್ರಿಯ ಕೈ ಹಾಗಲ್ಲ. ತಲೆ ಬಗ್ಗಿಸಿ ಕೂತರೆ ಬೇಳೆಯ ಗುಡ್ಡೆ ತಾನಾಗಿ ಏರುತ್ತಿತ್ತು.

"ನಾಗವೇಣೀ, ಮೂಗಿ ಮೊರ ತುಂಬೋಯ್ತು. ಇನ್ನೊಂದು ಕೊಡು ಬಾ" ಎಂದು ಮುದ್ದಮ್ಮ ಸೊಸೆಯನ್ನು ಕೂಗಿದಳು. ಒಳಗಿಂದ ಮೊರ ಬರಲಿಲ್ಲ, ಮೊಮ್ಮಗಳು ಮೇಘಶ್ರೀ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಅಜ್ಜಿ, ಏನಂದೆ?"

"ಮೊರ ಅಂದೆ ಕಣವ್ವ."

"ಅದಕ್ಕೆ ಮುಂಚೆ."

ಮುದ್ದಮ್ಮ ಸಿಪ್ಪೆ ಕೊಡವಿದಳು. "ನಿಮ್ಮತ್ತೆ ಹುಟ್ಟಿದಾಗಿಂದ ಅದೇ ಅಂದಿದ್ದು. ಅವಳಿಗೇನು ಕೇಳ್ಸತ್ತಾ?"

"ಕೇಳ್ಸಲ್ಲ ಅಂತ ಏನು ಬೇಕಾದ್ರೂ ಅನ್ನಬಹುದಾ? ವಾಕ್ ಮತ್ತು ಶ್ರವಣ ವಿಶೇಷಚೇತನರು ಅನ್ಬೇಕು. ಇಲ್ಲಾಂದ್ರೆ ಹೆಸರು ಹಿಡಿದು ಸಾವಿತ್ರಿ ಅನ್ನು."

"ಅಷ್ಟುದ್ದ ಹೇಳಿ ಮುಗಿಸೋವಷ್ಟರಲ್ಲಿ ಕರ ಹಾಲೆಲ್ಲ ಕುಡ್ಕಂಡು ಮಲಗಿರ್ತದೆ ಕಣೆ."

ಹುಡುಗಿ ಹಾಸನದಲ್ಲಿ ಸಮಾಜಕಾರ್ಯ ಓದುತ್ತಿದ್ದವಳು. ಪರೀಕ್ಷೆ ಮುಗಿಸಿ ಹಳೇಬೀಡಿನ ಮನೆಗೆ ಬಂದ ಮೇಲೆ ಮನೆಯವರ ಬಾಯಿಂದ ಅವಳು ಕಿತ್ತು ಹಾಕಿದ ಮಾತು ಒಂದೆರಡಲ್ಲ. ಎದುರುಮನೆ ಕುಂಟಣ್ಣ 'ಕೃಷ್ಣಪ್ಪನವರು' ಆಗಿದ್ದ. ಹಸು ಒದ್ದಾಗ ನಾಗವೇಣಿಯ ಬಾಯಿಗೆ ತಾನಾಗಿ ಬರುತ್ತಿದ್ದ ಬೈಗುಳಕ್ಕೂ ಬೀಗ ಬಿದ್ದಿತ್ತು. ಅವಳೀಗ ಹಲ್ಲು ಕಚ್ಚಿ ಹಸುವಿನ ಬೆನ್ನಿಗೊಂದು ಗುದ್ದುತ್ತಿದ್ದಳು.

ಅಷ್ಟರಲ್ಲಿ ಮುದ್ದಮ್ಮನ ಮಗ ಪುಟ್ಟಸ್ವಾಮಿ ತೆಂಗಿನಕಾಯಿ ವ್ಯಾಪಾರ ಮುಗಿಸಿ ಬೈಕಿನಿಂದ ಇಳಿದ. ಮಗಳ ಪಾಠ ಅರ್ಧ ಕಿವಿಗೆ ಬಿದ್ದಿರಬೇಕು. ತಂಗಿಯ ಮುಂದೆ ಹೋಗಿ ಕೈ ಮುಗಿದು, "ಸನ್ಮಾನ್ಯ ವಿಶೇಷಚೇತನ ಸಾವಿತ್ರಿಯವರೇ, ತಾವು ದೊಡ್ಡ ಮನಸ್ಸು ಮಾಡಿ ಒಂದು ಲೋಟ ಕಾಫಿ ದಯಪಾಲಿಸಬೇಕು" ಎಂದ.

ನಾಗವೇಣಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮುದ್ದಮ್ಮನೂ ನಕ್ಕಳು. ಸಾವಂತ್ರಿ ಒಬ್ಬೊಬ್ಬರ ಮುಖ ನೋಡಿ, ಎಲ್ಲರೂ ನಗುತ್ತಿದ್ದಾರಲ್ಲ ಎಂದು ಕೊನೆಗೆ ತಾನೂ ನಕ್ಕಳು. ಆಮೇಲೆ ಅಣ್ಣ ಹೆಬ್ಬೆರಳನ್ನು ಬಾಯಿಯ ಕಡೆ ತೋರಿಸಿದ. ಅದು ಅವಳಿಗೆ ಅರ್ಥವಾಯಿತು. ಎದ್ದು ಒಲೆಯ ಕಡೆ ಹೋದಳು.

ಕಾಗದದ ಮಾತು ಎದ್ದದ್ದು ಅದೇ ರಾತ್ರಿ ಊಟದಲ್ಲಿ. ಟಿ.ವಿ. ಮೇಲಿನ ಕಸೂತಿ ಬಟ್ಟೆ ಕೊಡವಲು ಹೋದ ಮೇಘಶ್ರೀಗೆ ಅದರಡಿಯಲ್ಲಿ ಒಂದು ಲಕೋಟೆ ಸಿಕ್ಕಿತ್ತು. ಅದೇನು ಗುಟ್ಟಿನದಲ್ಲ, ಮನೆಯವರಿಗೆಲ್ಲ ಗೊತ್ತಿದ್ದದ್ದೇ. ದೀಪಾವಳಿಗೆ ಮುಂಚೆ ಬಂದದ್ದು, ಅಂಚು ಮುದುರಿ ಹಳದಿ ತಿರುಗುತ್ತಿತ್ತು.

ಆಗ ನಡೆದದ್ದು ಇಷ್ಟು. ಒಂದು ಬೆಳಗ್ಗೆ ಸಾವಂತ್ರಿ ದೇವಸ್ಥಾನದ ಎದುರಿನ ಹೋಟೆಲಿಗೆ ಹಾಲು ಕೊಡಲು ಹೋದಾಗ, ಹುಲ್ಲುಹಾಸಿನ ಮೇಲೆ ಹತ್ತಾರು ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಒಬ್ಬಳು ಬೆರಳು ಆಡಿಸುವುದು, ಇನ್ನೊಬ್ಬಳು ಬಿದ್ದು ಬಿದ್ದು ನಗುವುದು. ಸಾವಂತ್ರಿ ಹಾಲಿನ ಕ್ಯಾನು ಹಿಡಿದು ನಡುರಸ್ತೆಯಲ್ಲೇ ನಿಂತುಬಿಟ್ಟಳು. ಹಿಂದಿನಿಂದ ಬಸ್ಸು ಹಾರನ್ ಹೊಡೆದೂ ಹೊಡೆದೂ ಸಾಕಾಗಿ, ಹೋಟೆಲಿನ ಉಮೇಶ ಓಡಿಬಂದು ರಟ್ಟೆ ಹಿಡಿದು ಎಳೆದನಂತೆ. ಆ ಹೆಂಗಸರನ್ನು ಕರೆದುಕೊಂಡು ಬಂದಿದ್ದವಳು ಲತಾಮಣಿ. ಇದೇ ಊರಿನ ದ್ಯಾವಮ್ಮನ ಮಗಳು. ದ್ಯಾವಮ್ಮ ಹಿಂದೆ ಮುದ್ದಮ್ಮನ ಹೊಲಕ್ಕೆ ರಾಗಿ ಕೊಯ್ಲಿಗೆ ಬರುತ್ತಿದ್ದವಳು. ಲತಾಮಣಿ ಈಗ ಅರಸೀಕೆರೆಯಲ್ಲಿ ಕಿವಿ ಕೇಳದ ಹೆಂಗಸರ ಹೊಲಿಗೆ ಕೇಂದ್ರ ನೋಡಿಕೊಳ್ಳುತ್ತಾಳೆ. ಅವಳು ಅವತ್ತೇ ಮನೆಗೆ ಬಂದು ಮಾತಾಡಿದಳು. ಆಮೇಲೆ ಫೋನ್ ಮಾಡಿದಳು. ಪುಟ್ಟಸ್ವಾಮಿ ಪ್ರತಿಸಲವೂ "ನೋಡಾಣ ಮೇಡಂ, ನೋಡಾಣ" ಎಂದ. ಕೊನೆಗೆ ಈ ಕಾಗದ ಬಂತು. ಲಕೋಟೆಯ ಮೇಲೆ 'ಸಾವಿತ್ರಿಯವರಿಗೆ' ಎಂದಿತ್ತು, ಒಡೆದವನು ಪುಟ್ಟಸ್ವಾಮಿ.

ಮೇಘಶ್ರೀ ತಟ್ಟೆ ಪಕ್ಕಕ್ಕಿಟ್ಟು ಓದಿದಳು: "'ಸಾವಿತ್ರಿಯವರೇ, ನಮ್ಮಲ್ಲಿ ಹೊಲಿಗೆ ಕಲಿತು, ಕೆಲಸ ಮಾಡಿಕೊಂಡು, ಎಲ್ಲರ ಜೊತೆ ಇರಲು ನಿಮಗೆ ಇಷ್ಟವೇ? ಮನೆಯವರು ದಯವಿಟ್ಟು ಇದನ್ನು ಅವರಿಗೆ ತಿಳಿಸಿ, ಅವರನ್ನೇ ಕೇಳಿ, ಅವರು ಹೇಳಿದ್ದನ್ನೇ ಬರೆಯಿರಿ. ಬೇಡ ಎಂದರೂ ಬರೆಯಿರಿ.' ಅಪ್ಪಾ, ಇದಕ್ಕೆ ಉತ್ತರ ಬರೆದಿಲ್ವಾ?"

"ಬರೆಯೋದೇನೈತೆ? ಮನೇಲಿ ಅನ್ನಕ್ಕೆ ಗತಿ ಇಲ್ವಾ? ಹೋಗಿ ಹೋಗಿ ಆ ದ್ಯಾವಿ ಮಗಳ ಕೈಕೆಳಗೆ ನಮ್ಮನೆ ಹೆಣ್ಣುಮಗಳು ದುಡಿಯಾದಾ?"

"ಫೋನಲ್ಲಿ ಮೇಡಂ ಮೇಡಂ ಅಂತಿದ್ಯಂತೆ!"

"ಎದುರಿಗೆ ಅನ್ಬೇಕಪ್ಪ. ಕಾಲ ಹಂಗೈತೆ."

"ಅಂದ್ರೆ ಮೇಡಂ ಅನ್ನೋದು ನಾಲಿಗೆ ತುದೀಲಿ, ದ್ಯಾವಿ ಅನ್ನೋದು ಹೊಟ್ಟೆ ಒಳಗೆ."

"ಏಯ್, ಓದ್ಸಿದ್ದು ನಾನು ಕಣೆ! ನನಗೇ ಪಾಠ ಹೇಳ್ತೀಯಾ?"

ನಾಗವೇಣಿ ನಡುವೆ ಬಂದಳು. ಅವಳಿಗೆ ಸುತ್ತಿ ಬಳಸಿ ಆಡಲು ಬಾರದು. "ನಾನೊಂದು ಮಾತು ಹೇಳ್ತೀನಿ, ಯಾರೂ ತಪ್ಪು ತಿಳ್ಕಬೇಡಿ. ನನ್ನ ಮಂಡಿ ಮಡಚಕ್ಕಾಗಲ್ಲ. ಅವಳು ಹೋದ್ರೆ ಹಾಲು ಕರೆಯೋರ್ಯಾರು, ಕೊಟ್ಟಿಗೆ ಬಾಚೋರ್ಯಾರು? ನೀನು ಬಾಚ್ತೀಯಾ ಮೇಘಾ?"

ಸಾವಂತ್ರಿ ಎಲ್ಲರ ತಟ್ಟೆ ನೋಡಿ, ಅಣ್ಣನ ಮುದ್ದೆ ಮುಗಿದದ್ದು ಕಂಡು ಇನ್ನೊಂದು ತಂದು ಹಾಕಿದಳು.

"ನಾನೇ ಬರೀತೀನಿ" ಎಂದಳು ಮೇಘಶ್ರೀ. "ಅತ್ತೆ ಬರ್ತಾರೆ ಅಂತ. ಅದು ಅವರ ಹಕ್ಕು."

ಮುದ್ದಮ್ಮ ಕೇಳಿದಳು: "ಅವಳನ್ನ ಕೇಳಿದ್ಯಾ?"

"ಹಕ್ಕು ಅಂದ್ನಲ್ಲ ಅಜ್ಜಿ."

"ಹಕ್ಕು ಇರ್ಲಿ. ಕಾಗದದಾಗೆ ಅವಳನ್ನೇ ಕೇಳಿ ಅಂತ ಬರೆದೈತಲ್ಲ, ಕೇಳಿದ್ಯಾ?"

ಕೇಳುವುದು ಹೇಗೆ ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಆ ರಾತ್ರಿ ಮುದ್ದಮ್ಮ ಹಾಸಿಗೆಯಲ್ಲಿ ಲೆಕ್ಕ ಹಾಕಿದಳು: ಈ ಮನೆ ಮಗಳಿಗೆ ಕಲಿಸಿದ ಕೈಸನ್ನೆ ಯಾವುವು? ನೀರು ತಾ. ಹಾಲು ಕರಿ. ಸಗಣಿ ಬಾಚು. ಬಾ, ಹೋಗು, ಉಣ್ಣು, ಮಲಕ್ಕೋ. ಎಲ್ಲಾ ಹೇಳುವ ಸನ್ನೆಗಳೇ. ಕೇಳುವ ಸನ್ನೆ ಒಂದೂ ನೆನಪಾಗಲಿಲ್ಲ.

ಮರುದಿನದಿಂದ ಮೇಘಶ್ರೀ ಫೋನು ಹಿಡಿದು ಅತ್ತೆಯ ಹಿಂದೆ ಬಿದ್ದಳು. ಅದರಲ್ಲಿ ಯಾರೋ ಚೆಂದದ ಹುಡುಗಿ ಕೈ ಆಡಿಸಿ ಪಾಠ ಹೇಳುತ್ತಿದ್ದಳು. ಮೊದಲ ಪಾಠ 'ಧನ್ಯವಾದ', ಎರಡನೆಯದು 'ಕ್ಷಮಿಸಿ'.

"ಅಲ್ಲ ಕಣೆ, ಹಾಲು ಕರೆದು ಕಾಸಿ ಕೈಗೆ ಕೊಟ್ಟವಳು ಅವಳು. ಧನ್ಯವಾದ ನೀನು ಹೇಳ್ಬೇಕೋ ಅವಳು ಹೇಳ್ಬೇಕೋ?" ಎಂದು ಮುದ್ದಮ್ಮ ನಕ್ಕಳು.

ಸಾವಂತ್ರಿ ಸೌಜನ್ಯಕ್ಕೆಂಬಂತೆ ಫೋನು ನೋಡಿ, ಹುಡುಗಿಯ ಕೈ ತಟ್ಟಿ, ಕಸಬರಿಕೆ ಎತ್ತಿಕೊಂಡು ಹೋಗುವಳು. ಮೇಘಶ್ರೀ ಬಿಡಲಿಲ್ಲ. ಒಂದು ಮಧ್ಯಾಹ್ನ ಮೂವರೂ ಹುಣಸೆಹಣ್ಣು ಜಜ್ಜುತ್ತಾ ಕೂತಿದ್ದಾಗ, ನಾಗವೇಣಿ ಎಲ್ಲಿ ಎಂದು ಕೇಳಲು ಮೇಘಶ್ರೀ ಪರದಾಡಿದಳು. ಸಾವಂತ್ರಿ ತಟಕ್ಕನೆ ಸೊಂಟದ ಬಳಿ ಬೀಗದ ಕೈ ಗೊಂಚಲು ಅಲುಗಿಸಿದ ಹಾಗೆ ಮಾಡಿ ಹಿತ್ತಿಲು ತೋರಿಸಿದಳು.

"ಅಜ್ಜಿ! ಅಮ್ಮನಿಗೆ ಅತ್ತೆ ಹೆಸರಿಟ್ಟಿದ್ದಾರೆ!"

"ಇಡ್ದೆ ಏನು? ನನಗೂ ಇಟ್ಟವ್ಳೆ." ಮುದ್ದಮ್ಮ ಓಲೆ ಎಳೆದು ಹರಿದುಹೋದ ತನ್ನ ಕಿವಿಯ ಹಾಲೆ ಜಗ್ಗಿ ತೋರಿಸಿದಳು. "ಇದು ನಾನು. ಮೀಸೆ ತಿರುವಿದ್ರೆ ನಿಮ್ಮಪ್ಪ. ಹೊಟ್ಟೆ ನೀವಿದ್ರೆ ಹೋಟ್ಲು ಉಮೇಶ."

"ನಾನು?"

ಎದೆಗೆ ಬೆರಳಿಟ್ಟು ಅವಳು ಕೇಳಿದ್ದು ಸಾವಂತ್ರಿಗೆ ಅರ್ಥವಾಯಿತು. ಕಳ್ಳ ನಗು ನಗುತ್ತಾ ಎಡಗೈಯನ್ನು ಫೋನಿನ ಹಾಗೆ ಮುಖದೆದುರು ಹಿಡಿದು, ಬಲಗೈಯ ಬೆರಳುಗಳನ್ನು ಕೊಕ್ಕಿನ ಹಾಗೆ ಪಟಪಟನೆ ಬಡಿದಳು. ಕಣ್ಣು ಫೋನಿನ ಮೇಲೆ, ಕೊಕ್ಕು ಬಡಿಯುತ್ತಲೇ ಇತ್ತು.

ಮುದ್ದಮ್ಮ ನಕ್ಕ ನಗೆಗೆ ಹುಣಸೆಬೀಜ ಚೆಲ್ಲಾಡಿದವು. ಮೇಘಶ್ರೀಯ ಮುಖ ಚಿಕ್ಕದಾಯಿತು. "ನಾನು ಅವರ ಪರವಾಗಿ ಮಾತಾಡ್ತಿದ್ದೆ ಅಜ್ಜಿ" ಎಂದಳು.

"ಅವಳ ಕಡೆ ನೋಡ್ಕಂಡು ಮಾತಾಡಿದ್ಯಾ?"

ಹುಡುಗಿ ಫೋನು ದೂರವಿಟ್ಟು ಅತ್ತೆಯ ಎದುರಿಗೆ ಸರಿಯಾಗಿ ಕೂತಳು. ಅವಳ ಎದೆಯ ಕಡೆ ಬೆರಳು ತೋರಿಸಿ ಹುಬ್ಬು ಎತ್ತಿದಳು: ಮತ್ತೆ ನೀನು?

ಸಾವಂತ್ರಿ ಯೋಚಿಸಲೂ ಇಲ್ಲ. ತುಟಿ ಎರಡನ್ನೂ ಮುಂದಕ್ಕೆ ಚಾಚಿ, ಹಿಂದಕ್ಕೆಳೆದಳು. ಮತ್ತೊಮ್ಮೆ ಚಾಚಿದಳು. ಬೆರಳಿನಿಂದ ಆ ತುಟಿಯನ್ನು ತೋರಿಸಿ ತನ್ನ ಎದೆ ಮುಟ್ಟಿಕೊಂಡಳು. ಇದು ನಾನು.

ಅದೇನೆಂದು ಮೊದಲು ತಿಳಿದದ್ದು ಮುದ್ದಮ್ಮನಿಗೆ. 'ಮೂಗಿ' ಎಂದು ಮೆಲ್ಲಗೆ ತನ್ನಷ್ಟಕ್ಕೆ ಅಂದುಕೊಂಡಳು. ಅವಳ ತುಟಿಯೂ ಹಾಗೇ ಮುಂದೆ ಚಾಚಿ ಹಿಂದೆ ಬಂತು. ಸಾವಂತ್ರಿ ಅದನ್ನು ನೋಡಿ, ಹೂಂ ಎಂದು ತಲೆಯಾಡಿಸಿದಳು. ನಲವತ್ತು ವರ್ಷ ತನ್ನ ಕಡೆ ತಿರುಗಿದ ಮುಖಗಳಲ್ಲೆಲ್ಲ ಅವಳು ಕಂಡದ್ದು ಅದನ್ನೇ. ಮನೆಯವರು, ನೆಂಟರು, ಹಾಲು ಕೊಳ್ಳುವ ಹೋಟೆಲಿನವರು, ಎಲ್ಲರ ತುಟಿಯೂ ಅವಳನ್ನು ಕಂಡೊಡನೆ ಹಾಗೆ ಚಾಚುತ್ತಿತ್ತು.

ಮೇಘಶ್ರೀ ಅಳಲಿಕ್ಕೆ ಶುರುಮಾಡಿದಳು. ಮುದ್ದಮ್ಮ ಅಳಲಿಲ್ಲ. ಜಜ್ಜಿದ ಹುಣಸೆಯನ್ನು ಉಂಡೆ ಕಟ್ಟಿ ಮಡಕೆಗೆ ಒತ್ತಿ ಒತ್ತಿ ತುಂಬಿದಳು. ಕೈ ತೊಳೆದು, "ನೀನು ಅಂದಿದ್ದು ಸರಿ ಕಣವ್ವ. ಆ ಮಾತು ಅವಳಿಗೆ ಕೇಳ್ಸದೆ ಹೋದ್ರೂ ಕಾಣ್ತದೆ" ಎಂದಳು. "ಆದ್ರೆ ಅದರ ಬದಲು ಇನ್ನೊಂದು ಮಾತು ಹುಡುಕ್ಕಂಡು ಕೂತ್ರೆ ಆಗಲ್ಲ. ನಾಳೆ ಅರಸೀಕೆರೆ ಬಸ್ಸು ಎಷ್ಟೊತ್ತಿಗೆ ಐತೆ ನೋಡು."

ಪುಟ್ಟಸ್ವಾಮಿಗೆ ಹೇಳದೆ ಹೋಗಲಿಲ್ಲ. ಬೆಳಗ್ಗೆ ರೊಟ್ಟಿ ತಿನ್ನುತ್ತಿದ್ದವನಿಗೆ, "ಅರಸೀಕೆರೆಗೆ ಹೋಗ್ಬತ್ತೀವಿ" ಎಂದಳು. "ಯಾಕವ್ವ?" "ಕೇಳೋದು ಏನು ಅಂತಾನೇ ಗೊತ್ತಿಲ್ದೋಳನ್ನ ಏನಂತ ಕೇಳೋದ್ಲಾ? ತೋರ್ಸ್ಕಂಡು ಬತ್ತೀನಿ." ಅವನು ರೊಟ್ಟಿಯನ್ನು ಚಟ್ನಿಯಲ್ಲಿ ಒರೆಸಿ ಒರೆಸಿ ತಿಂದ, ಬೇಡ ಅನ್ನಲಿಲ್ಲ.

ಜಾವಗಲ್ಲಿನ ಮೇಲೆ ಹೋಗುವ ಬಸ್ಸಿಗೆ ತಾಯಿ ಮಗಳು ಹತ್ತಿದರು. ಸಾವಂತ್ರಿ ಕಿಟಕಿಗೆ ಹಣೆಯೊತ್ತಿ ಕೂತಿದ್ದಳು. ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯ ಒಂದು ಮಹಡಿ ಮನೆಯಲ್ಲಿತ್ತು ಹೊಲಿಗೆ ಕೇಂದ್ರ. ಮೆಟ್ಟಿಲ ಬಾಗಿಲಲ್ಲಿ ಲತಾಮಣಿ ಎದುರಾದಳು. ಮುದ್ದಮ್ಮನಿಗೆ ನಮಸ್ಕಾರ ಹೇಳುವುದಕ್ಕಿಂತ ಮುಂಚೆ ಸಾವಂತ್ರಿಯ ಕಡೆ ತಿರುಗಿ, ಕೈ ಆಡಿಸಿ, ಒಳಕ್ಕೆ ಕರೆದಳು. ಒಳಗೆ ಮಿಷನ್ನುಗಳ ಸಾಲು, ಶಾಲಾ ಸಮವಸ್ತ್ರದ ನೀಲಿ ಬಟ್ಟೆಯ ರಾಶಿ. ಹೆಂಗಸರು ಕೆಲಸ ಬಿಟ್ಟು ಸಾವಂತ್ರಿಯನ್ನು ಮುತ್ತಿಕೊಂಡರು.

ಮುದ್ದಮ್ಮ ಬಾಗಿಲ ಬಳಿಯ ಬೆಂಚಿನಲ್ಲಿ ಕೂತಳು. ಎದುರಿಗೆ ನಿಂತವಳನ್ನು ಏನೆಂದು ಮಾತಾಡಿಸುವುದು? ಕೊಯ್ಲಿಗೆ ಬಂದ ತಾಯಿಯ ಸೆರಗು ಹಿಡಿದು ಬದುವಿನ ಮೇಲೆ ಕೂರುತ್ತಿದ್ದ ಮಗು ಇವಳು. ಆ ಕಾಲದಲ್ಲಿ ಇವಳ ತಾಯಿಗೆ ಬೊಗಸೆಗೆ ನೀರು ಹುಯ್ದದ್ದಲ್ಲದೆ ಲೋಟ ಕೊಟ್ಟವರಿರಲಿಲ್ಲ. ಮೊಮ್ಮಗಳು ಹೇಳಿಕೊಟ್ಟ ಮಾತು ಯಾವುದೂ ಅಲ್ಲಿಗೆ ಸಾಲಲಿಲ್ಲ.

"ನಿಮ್ಮವ್ವ ಚೆನ್ನಾಗವ್ರಾ?" ಎಂದಳು. "ನಮ್ಮ ಮನೆ ಮುಂದೇನೇ ಓಡಾಡ್ತಾರೆ, ಕರೆದು ಕೂರ್ಸಿ ಮಾತಾಡ್ಸಿಲ್ಲ ನಾನು."

ಲತಾಮಣಿ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. "ಚೆನ್ನಾಗಿದ್ದಾರಮ್ಮ. ಶುಗರ್ ಒಂದಿದೆ, ಬೆಲ್ಲ ತಿನ್ನಬೇಡ ಅಂದ್ರೆ ಕೇಳಲ್ಲ" ಎಂದು ಬೆಂಚಿನ ಮೇಲೆ ಪಕ್ಕದಲ್ಲೇ ಕೂತಳು. ಆಮೇಲೆ ಹೇಳಿದಳು, "ಯುಗಾದಿ ಕಳೆದ ಮೇಲೆ ಹೊಸ ತಂಡ ಸೇರುತ್ತೆ. ಅಷ್ಟರಲ್ಲಿ ಕಾಗದ ಬರದಿದ್ರೆ ಈ ಜಾಗ ಬೇರೆಯವರಿಗೆ ಹೋಗುತ್ತೆ. ಇನ್ನು ಹಿಡಿದಿಟ್ಟುಕೊಳ್ಳೋಕೆ ನನ್ನಿಂದ ಆಗಲ್ಲ. ಆದ್ರೆ ನಿಮ್ಮ ಮಾತಲ್ಲಿ ಬೇಡ, ಅವರ ಮಾತಲ್ಲೇ ಬೇಕು."

ಅಷ್ಟರಲ್ಲಿ ಒಳಗಿಂದ ಒಂದು ದನಿ ಬಂತು. ಗಂಟಲಿನ ಆಳದಿಂದ ಎದ್ದ ಒಡಕು ನಗು. ಮುದ್ದಮ್ಮ ಎದ್ದು ಇಣುಕಿದಳು. ಹೇಮಾಶ್ರೀ ಎಂಬ ಒಬ್ಬ ಎಳೆಯ ಹುಡುಗಿ ಯಾರನ್ನೋ ಅಣಕಿಸಿ ತೋರಿಸುತ್ತಿದ್ದಳು, ಸಾವಂತ್ರಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಯಾರ ಮುಖವನ್ನೂ ನೋಡಿಕೊಂಡು ನಕ್ಕದ್ದಲ್ಲ ಅದು. ಹೇಮಾಶ್ರೀ ಅವಳ ಎಡಗೆನ್ನೆಯ ಗುಳಿಗೆ ಬೆರಳೂರಿ, ಉಳಿದವರ ಕಡೆ ತಿರುಗಿ ತನ್ನ ಕೆನ್ನೆಗೂ ಹಾಗೇ ಬೆರಳೂರಿದಳು. ಎಲ್ಲರೂ ಒಬ್ಬೊಬ್ಬರಾಗಿ ಕೆನ್ನೆಗೆ ಬೆರಳೂರಿದರು.

"ಏನದು?" ಎಂದಳು ಮುದ್ದಮ್ಮ.

"ಹೆಸರಿಟ್ಟರು" ಎಂದಳು ಲತಾಮಣಿ.

ಮಗಳ ಕೆನ್ನೆಯಲ್ಲಿ ಗುಳಿ ಬೀಳುವುದನ್ನು ಮುದ್ದಮ್ಮ ಎಂದೋ ಮರೆತಿದ್ದಳು. ಎಳೆಗೂಸಾಗಿದ್ದಾಗ ನೋಡಿದ್ದು.

ಊರಿಗೆ ಬಂದ ಮೇಲೂ ಮುದ್ದಮ್ಮ ಆತುರ ಬೀಳಲಿಲ್ಲ. ಶಿವರಾತ್ರಿ ಕಳೆಯಿತು. ಮೇಘಶ್ರೀ ದಿನಾ, "ಕೇಳಜ್ಜಿ, ಕೇಳು" ಎನ್ನುವಳು. "ಕೇಳೋದಕ್ಕೆ ದಾರಿ ಹುಡುಕ್ತಾ ಇದೀನಿ ಕಣೆ, ತಡಿ" ಎನ್ನುವಳು ಮುದುಕಿ. ದಾರಿ ಸಿಕ್ಕಿದ್ದು ಒಂದು ಭಾನುವಾರ ಮಧ್ಯಾಹ್ನ, ಸಾರು ಬಡಿಸುವಾಗ. ಸೌಟು ಎತ್ತಿ ಹಿಡಿದು ಹುಬ್ಬು ಏರಿಸಿದರೆ 'ಹಾಕಲಾ?' ಎಂದು. ಬೇಕಾದವರು ತಟ್ಟೆ ಮುಂದೆ ತಳ್ಳುತ್ತಾರೆ, ಬೇಡವಾದವರು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾರೆ. ಅಯ್ಯೋ, ಈ ಮನೆಯಲ್ಲಿ ಸಾವಂತ್ರಿಯನ್ನು ಕೇಳುತ್ತಿದ್ದದ್ದು ಇದೊಂದೇ, ಎಂದುಕೊಂಡಳು.

ಎಲ್ಲರಿಗೂ ಬಡಿಸಿ ಮುಗಿದ ಮೇಲೆ ಬರಿಯ ಸೌಟು ಹಿಡಿದು ಮಗಳ ಮುಂದೆ ಕೂತಳು. ಬಸ್ಸಿನ ಸ್ಟೇರಿಂಗು ತಿರುಗಿಸಿದ ಹಾಗೆ ಮಾಡಿದಳು. ಕಾಲು ತುಳಿಯುತ್ತಾ ಬಟ್ಟೆ ತಳ್ಳಿದಳು. ಅಂಗೈ ಮೇಲೆ ಕೆನ್ನೆಯಿಟ್ಟು ಅಲ್ಲೇ ಮಲಗಿದಳು, ಎದ್ದಳು, ಮಲಗಿದಳು, ಎದ್ದಳು. ಆಮೇಲೆ ಖಾಲಿ ಸೌಟನ್ನು ಮಗಳ ತಟ್ಟೆಯ ಮೇಲೆ ಹಿಡಿದು ಹುಬ್ಬು ಏರಿಸಿದಳು.

ಪುಟ್ಟಸ್ವಾಮಿ ಉಣ್ಣುವುದನ್ನು ನಿಲ್ಲಿಸಿದ್ದ. ಸಾವಂತ್ರಿ ಸೌಟು ನೋಡಿದಳು. ಅವ್ವನ ಮುಖ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ಅಂಗೈ ಬಿಡಿಸಿ ತಟ್ಟೆಗೆ ಅಡ್ಡ ಹಿಡಿದಳು.

"ಮುಗೀತಲ್ಲ!" ಎಂದ ಪುಟ್ಟಸ್ವಾಮಿ. "ಅವಳೇ ಬೇಡ ಅಂದ್ಲು. ನಾನು ಹೇಳ್ಲಿಲ್ವಾ?"

ನಾಗವೇಣಿ ಉಸಿರು ಬಿಟ್ಟಳು. ಮೇಘಶ್ರೀ ಕಣ್ಣೊರೆಸಿಕೊಂಡು, "ಸರಿ, ಒತ್ತಾಯ ಮಾಡಬಾರದು. ಹಾಗೇ ಬರೀಬೇಕು" ಎಂದಳು.

"ಮಾತು ಮುಗಿಸೋಕೆ ಬಿಡಿ ಅವಳನ್ನ" ಎಂದಳು ಮುದ್ದಮ್ಮ.

ಸಾವಂತ್ರಿಯ ಕೈ ಇನ್ನೂ ತಟ್ಟೆಯ ಮೇಲೇ ಇತ್ತು. ಎದ್ದು, ಅವ್ವನ ರಟ್ಟೆ ಹಿಡಿದು ಕೊಟ್ಟಿಗೆಗೆ ಎಳೆದುಕೊಂಡು ಹೋದಳು. ಎಲ್ಲರೂ ಎಂಜಲು ಕೈಯಲ್ಲೇ ಹಿಂದೆ ಹೋದರು. ತುಂಬು ಗಬ್ಬದ ಎಮ್ಮೆಯ ಹೊಟ್ಟೆ ತಟ್ಟಿದಳು. ಹಿಂದಿನಿಂದ ಕರು ಬರುವುದನ್ನು ತೋರಿಸಿದಳು. ಕೈಸನ್ನೆಯಲ್ಲೇ ಹಾಲು ಕರೆದಳು, ಗಿಣ್ಣು ಕಾಸಿದಳು, ಎಲ್ಲರಿಗೂ ಹಂಚಿ ತಿನ್ನಿಸಿದಳು, ಕೈ ಒರೆಸಿಕೊಂಡಳು. ಆಯಿತು. ಆಮೇಲೆ ಸ್ಟೇರಿಂಗು ತಿರುಗಿಸಿದಳು. ಅವ್ವನ ಕೈಯಲ್ಲಿ ಉಳಿದಿದ್ದ ಸೌಟನ್ನು ಕಿತ್ತುಕೊಂಡು, ತನ್ನ ಬೊಗಸೆಗೆ ತಾನೇ ಬಡಿಸಿಕೊಂಡಳು. ಒಂದು ಸಲವಲ್ಲ, ಎರಡು ಸಲ.

"ಎಮ್ಮೆ ಈದ ಮೇಲೆ" ಎಂದಳು ಮೇಘಶ್ರೀ. "ಗಿಣ್ಣು ಮುಗಿದ ಮೇಲೆ ಹೋಗ್ತೀನಿ ಅಂತಿದ್ದಾರೆ!"

ಅಷ್ಟಕ್ಕೇ ಮುಗಿಯಲಿಲ್ಲ. ತಾನು ಮಲಗುವ ಮೂಲೆಕೋಣೆಗೆ ಎಲ್ಲರನ್ನೂ ಕರೆದುಕೊಂಡು ಹೋದಳು. ತನ್ನ ತಗಡಿನ ಪೆಟ್ಟಿಗೆ ತೋರಿಸಿದಳು, ಬೀಗ ಹಾಕಿದಳು, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಸೊಂಟದ ಗೊಂಚಲು ಅಲುಗಿಸಿ ನಾಗವೇಣಿಯನ್ನು ಹೆಸರಿಸಿ, ಬೆರಳು ಅಲ್ಲಾಡಿಸಿದಳು.

"ಆ ರೂಮು ಮೇಘಂಗೆ ಮಾಡಣ ಅಂತಿದ್ದೆ…" ಎಂದಳು ನಾಗವೇಣಿ.

"ಅದು ಅವಳ್ದೇ. ಬಂದಾಗ ಅವಳು ಮಲಗಾಕೆ ಬೇಕು" ಎಂದಳು ಮುದ್ದಮ್ಮ. ಎಲ್ಲರೂ ಹೂಂ ಅನ್ನುತ್ತಾಳೋ ಊಹೂಂ ಅನ್ನುತ್ತಾಳೋ ಎಂದು ಕಾದಿದ್ದರು. ಅವಳು ಕರಾರು ಹಾಕುತ್ತಾಳೆಂದು ಯಾರಿಗೆ ಗೊತ್ತಿತ್ತು?

ಪುಟ್ಟಸ್ವಾಮಿ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ಸಂಜೆ ಜಗಲಿಯಲ್ಲಿ ಸಿಡಿದ. "ಜನ ಏನಂತಾರವ್ವ? ಅಪ್ಪ ಸತ್ತ, ಅಣ್ಣ ಇಟ್ಕಳ್ಳಕ್ಕಾಗ್ದೆ ಮೂಗೀನ ದುಡಿಯಕ್ಕೆ ಕಳ್ಸಿದ ಅಂತಾರೆ!"

ಸಾವಂತ್ರಿ ಹೊಸ್ತಿಲಲ್ಲಿ ದೀಪದ ಬತ್ತಿ ಹೊಸೆಯುತ್ತಿದ್ದಳು, ಅಣ್ಣನ ಮುಖವನ್ನೇ ನೋಡುತ್ತಿದ್ದಳು.

"ಆ ಮಾತಾಡುವಾಗ ನಿನ್ನ ತುಟಿ ಅವಳಿಗೆ ಕಾಣ್ತದೆ ಕಣ್ಲಾ" ಎಂದಳು ಮುದ್ದಮ್ಮ. ದನಿ ಏರಿಸಲಿಲ್ಲ. "ಅದೇ ತನ್ನ ಹೆಸರು ಅಂದ್ಕೊಂಡಿದ್ಲು ಇಷ್ಟು ದಿವ್ಸ. ಕೇಳು ಬೇಕಾದ್ರೆ."

ಪುಟ್ಟಸ್ವಾಮಿ ತಂಗಿಯ ಕಡೆ ತಿರುಗಿದ. ಅವಳು ಬತ್ತಿ ಕೆಳಗಿಟ್ಟು, ಅಣ್ಣನಿಗೆ ಏನೋ ಬೇಕಾಗಿದೆ ಎಂದು ಎದ್ದು ನಿಂತಳು. ಬಾಯಿಗೆ ಹೆಬ್ಬೆರಳು ತೋರಿಸಿ ಕಾಫಿಯೇ ಎಂದು ಕೇಳಿದಳು. ಅವನು ಬೇಡ ಎಂದು ತಲೆಯಾಡಿಸಿದ. ಕೂತ್ಕೋ ಎಂಬ ಸನ್ನೆ ಅವನಿಗೆ ಬರುತ್ತಿರಲಿಲ್ಲ. ಜಗಲಿಯ ಮೇಲೆ ತನ್ನ ಪಕ್ಕವನ್ನು ಕೈಯಲ್ಲಿ ತಟ್ಟಿದ. ಅವಳು ಅನುಮಾನದಿಂದ ಬಂದು ತುದಿಯಲ್ಲಿ ಕೂತಳು. ಅಣ್ಣ ತಂಗಿ ಇಬ್ಬರೂ ದಾರಿಯ ಕಡೆ ನೋಡುತ್ತಾ ಕೂತರು.

"ಹಾಲು ಕರೆಯಾಕೆ ಮಿಷನ್ ಬಂದೈತಂತೆ" ಎಂದ, ಯಾರಿಗೋ ಎಂಬಂತೆ. ಒಳಗಿಂದ ನಾಗವೇಣಿ, "ಈಗ ನೆನಪಾಯ್ತಾ ನಿಮಗೆ!" ಎಂದಳು.

ಕಾಗದ ಬರೆಯಲು ಮೇಘಶ್ರೀ ಮೊದಲು ಕೂತಳು. 'ಮಾನ್ಯರೇ, ವಿಶೇಷಚೇತನ ಮಹಿಳೆಯರ ಸಬಲೀಕರಣಕ್ಕಾಗಿ ಶ್ರಮಿಸುತ್ತಿರುವ ತಮ್ಮ ಘನ ಸಂಸ್ಥೆಗೆ' ಎಂದು ಓದಿದಳು.

"ಇದರಾಗೆ ಸಾವಂತ್ರಿ ಎಲ್ಲವ್ಳೆ?" ಎಂದಳು ಮುದ್ದಮ್ಮ.

"ಮುಂದಿನ ಪ್ಯಾರಾದಲ್ಲಿ ಬರ್ತಾರೆ."

"ಎಮ್ಮೆ?"

"ಎಮ್ಮೆ ಹಾಕಿದ್ರೆ ಚೆನ್ನಾಗಿರಲ್ಲ ಅಜ್ಜಿ."

"ಅವಳು ಎಮ್ಮೆಯಿಂದ ಶುರು ಮಾಡಿದ್ದು. ಕೊಡಿಲ್ಲಿ ಪೆನ್ನು."

ಮುದ್ದಮ್ಮನಿಗೆ ಅಕ್ಷರ ಬಂದದ್ದು ತಲೆ ನರೆತ ಮೇಲೆ, ಬೇಗ ಬರೆಯಲಾರಳು. ಉ-ಕಾರದ ಕೊಂಬು ಎಳೆಯುವಾಗ ನಾಲಿಗೆಯೂ ಹೊರಗೆ ಬರುತ್ತಿತ್ತು. ಪ್ರತಿ ಸಾಲು ಬರೆದ ಮೇಲೆ ಪೆನ್ನು ಕೆಳಗಿಟ್ಟು ಅದನ್ನು ಕೈಯಲ್ಲಿ ಮಾಡಿ ಮಗಳಿಗೆ ತೋರಿಸಿ, ಅವಳು ತಲೆಯಾಡಿಸಿದ ಮೇಲೆ ಮುಂದಿನ ಸಾಲು. ಒಂದು ಕಡೆ ಸಾವಂತ್ರಿ ಒಪ್ಪಲಿಲ್ಲ. ಹದಿನೈದು ದಿನಕ್ಕೊಮ್ಮೆ ಊರಿಗೆ ಎಂದು ಬರೆದದ್ದನ್ನು ಹೊಡೆಸಿ ವಾರಕ್ಕೊಮ್ಮೆ ಎಂದು ಹಾಕಿಸಿದಳು. ಬರೆದದ್ದು ಇಷ್ಟಾಯಿತು:

'ಲತಾಮಣಿಯವರಿಗೆ ಸಾವಂತ್ರಿ ಹೇಳುವುದು. ನಮ್ಮ ಎಮ್ಮೆ ಈಯಬೇಕು. ಗಿಣ್ಣು ಮುಗಿದ ಮೇಲೆ ಬರುತ್ತೇನೆ. ನನಗೆ ಇಷ್ಟ ಇದೆ. ವಾರಕ್ಕೊಂದು ಸಲ ಊರಿಗೆ ಬರುತ್ತೇನೆ. ನನ್ನ ರೂಮು, ಪೆಟ್ಟಿಗೆ ನನಗೇ ಇರುತ್ತದೆ. ಇದನ್ನು ಅವಳು ಹೇಳಿದ ಹಾಗೆ ಬರೆದವಳು ತಾಯಿ ಮುದ್ದಮ್ಮ. ನಿಮ್ಮ ತಾಯಿಯವರು ನೆನ್ನೆ ನಮ್ಮ ಮನೆಗೆ ಬಂದು ಕಾಫಿ ಕುಡಿದರು. ಬೆಲ್ಲ ಹಾಕಲಿಲ್ಲ.'

"ಕೆಳಗೆ ಹೆಸರು?" ಎಂದಳು ಮೇಘಶ್ರೀ. ಫೋನಿಲ್ಲದ ಕೈಯನ್ನು ಅತ್ತೆಯ ಕಡೆ ತೋರಿಸಿ, ಅಜ್ಜಿ ಹೇಳಿಕೊಟ್ಟಿದ್ದಂತೆ ತನ್ನ ಎಡಗೆನ್ನೆಗೆ ಬೆರಳೂರಿ ಕೇಳಿದಳು. ಸಾವಂತ್ರಿ ಬೆಚ್ಚಿ ನೋಡಿದಳು. ಕೆನ್ನೆಯಲ್ಲಿ ಗುಳಿ ಬಿತ್ತು. ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿದಳು.

ಮಾರನೆಯ ದಿನ ತಾಯಿ ಮಗಳು ಅಂಚೆ ಕಚೇರಿಗೆ ಹೋದರು. ಕೌಂಟರಿನಲ್ಲಿ ಹೊಸದಾಗಿ ಬಂದ ಶಿವಕುಮಾರ್ ಎಂಬ ಹುಡುಗ ಕೂತಿದ್ದ. ಸಾವಂತ್ರಿ ಲಕೋಟೆ ಚಾಚಿದಳು. ಅವನು ಅದನ್ನು ತೆಗೆದುಕೊಂಡು ಮುದ್ದಮ್ಮನ ಕಡೆ ನೋಡಿ, "ಸಾದಾನಾ, ಸ್ಪೀಡ್ ಪೋಸ್ಟಾ ಅಜ್ಜಿ?" ಎಂದ.

ಮುದ್ದಮ್ಮ ಹೊರಗೆ ನಿಂತ ಬಸ್ಸಿನ ಬೋರ್ಡು ಓದುತ್ತಿದ್ದಳು, ತಿರುಗಲಿಲ್ಲ.

ಹುಡುಗ ಇನ್ನೊಮ್ಮೆ ಕೇಳಿದ. ಆಮೇಲೆ ಸಾವಂತ್ರಿಯ ಮುಖ ನೋಡಿ ಏನೋ ಹೊಳೆದು, ಕುರ್ಚಿಯಿಂದ ಸ್ವಲ್ಪ ಎದ್ದ. ಒಂದು ಕೈಯಲ್ಲಿ ಬರಿಯ ಅಂಚೆಚೀಟಿಯ ಕಾಗದ, ಇನ್ನೊಂದು ಕೈಯಲ್ಲಿ ಸ್ಪೀಡ್ ಪೋಸ್ಟಿನ ಪಟ್ಟಿ ಅಂಟಿಸಿ ಕಟ್ಟಿಟ್ಟ ಕಾಗದ ಹಿಡಿದು, ಯಾವುದು ಎಂದು ತಲೆ ಓರೆ ಮಾಡಿದ. ಸಾವಂತ್ರಿ ಎರಡನ್ನೂ ನಿಧಾನವಾಗಿ ನೋಡಿ, ಕಟ್ಟಿಟ್ಟಿದ್ದರ ಮೇಲೆ ಬೆರಳಿಟ್ಟಳು.

ಅವನು ತೂಗಿದ, ಪಟ್ಟಿ ಅಂಟಿಸಿದ, ಸೀಲು ಎತ್ತಿದ. ಸಾವಂತ್ರಿ ಕೌಂಟರಿನ ಮರದ ಹಲಗೆಯ ಮೇಲೆ ಅಂಗೈ ಬಿಡಿಸಿ ಇಟ್ಟುಕೊಂಡು ಕಾದಳು. ಸೀಲು ಬಿದ್ದಾಗ ಹಲಗೆ ಅದುರಿದ್ದು ಅವಳ ಕೈಗೆ ಗೊತ್ತಾಯಿತು.